ಮರದ ತಲೆಯ ಕೆಳಗೆ ಬರೆದ ಆರು ಹೆಸರು

ಗಡಿಯಾರ ರಿಪೇರಿ ಅಂಗಡಿಯ ಪಕ್ಕದಲ್ಲಿ ಒಬ್ಬರು ಮಾತ್ರ ಹತ್ತಬಹುದಾದ ಕಿರಿದಾದ ಮೆಟ್ಟಿಲಿದೆ. ಮೇಲೆ ಏನಿದೆ ಎಂದು ಹೇಳುವ ಬೋರ್ಡಿಲ್ಲ. ಬೋರ್ಡು ಬರೆಸುವುದಕ್ಕೆ ಗತಿಯಿಲ್ಲದೆ ಅಲ್ಲ, ಬೇಡವೆಂದೇ ಬರೆಸಿಲ್ಲ. ಹತ್ತುವವರಿಗೆ ಮೇಲೇನಿದೆ ಎಂದು ಗೊತ್ತಿರುತ್ತದೆ, ಮಿಕ್ಕವರಿಗೆ ಗೊತ್ತಾಗಿ ಆಗಬೇಕಾದ್ದೇನು ಎಂಬುದು ಯಜಮಾನರ ವಾದ. ಅವರು ನಲವತ್ತೊಂದು ವರ್ಷದಿಂದ ಆ ಕೋಣೆಯಲ್ಲಿ ಕೂತು ವಿಗ್ ಮಾಡುತ್ತಿದ್ದಾರೆ. ನಾಟಕದವರು ತಲೆಗೆ ಏರಿಸಿಕೊಂಡು ಕುಣಿಯುವ ಟೋಪನ್ ಅಲ್ಲ. ಜ್ವರ ಬಂದು, ಹೆರಿಗೆಯಾಗಿ, ಔಷಧ ತಿಂದು, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಕೂದಲು ಕಳೆದುಕೊಂಡವರಿಗೆ, ಒಂದೊಂದೇ ಎಳೆಯನ್ನು ತೆಳ್ಳನೆಯ ಬಲೆಗೆ ಗಂಟು ಹಾಕಿ ಮಾಡುವ ವಿಗ್. ಒಂದಕ್ಕೆ ಆರು ವಾರ ಬೇಕು.

"ನನ್ನ ಕೆಲಸ ಚೆನ್ನಾಗಿದೆ ಅಂತ ಊರಲ್ಲಿ ಒಬ್ಬರೂ ಹೇಳಿಲ್ಲ," ಎಂದು ಅವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. "ಯಾರಾದರೂ ಹೇಳಿದ ದಿನ ಅಂಗಡಿ ಮುಚ್ಚಬೇಕು. ಹೇಳೋದಕ್ಕೆ ಅದು ಕಾಣಿಸಬೇಕಲ್ಲ?"

ಇದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ನಲವತ್ತೊಂದು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದ ಯಾರೊಬ್ಬರ ಗುಟ್ಟೂ ಕೆಳಗಿಳಿದಿರಲಿಲ್ಲ. ಗಿರಾಕಿ ರಸ್ತೆಯಲ್ಲಿ ಎದುರಾದರೆ ಯಜಮಾನರು ಅವರನ್ನು ಹುಟ್ಟಿದಾಗಿನಿಂದ ನೋಡಿಲ್ಲದವರಂತೆ ದಾಟಿ ಹೋಗುವರು. ಒಮ್ಮೆ ಬಸ್ಸಿನಲ್ಲಿ ಗಿರಾಕಿ ಹೆಂಗಸೊಬ್ಬರು ಅವರ ಕಾಲು ತುಳಿದು, ಮೇಲಿಂದ ತಾವೇ ನಾಲ್ಕು ಮಾತು ಬೈದು ಇಳಿದು ಹೋದರಂತೆ. ಮಾರನೆಯ ವಾರ ಅದೇ ಹೆಂಗಸು ಅಳತೆ ಕೊಡಲು ಬಂದು ಕೂತಾಗ ಇಬ್ಬರೂ ಬಸ್ಸಿನ ವಿಷಯ ಎತ್ತಲಿಲ್ಲ. ಯಜಮಾನರು ಮಾತ್ರ ಒಂದು ವಾರ ಕುಂಟಿದರು.

ಅವರದೊಂದು ರಿಜಿಸ್ಟರಿತ್ತು, ದಪ್ಪ ರಟ್ಟಿನದು. ತಲೆಯ ಏಳು ಅಳತೆ, ಕೂದಲಿನ ಬಣ್ಣ, ಬೈತಲೆ ಎಡಕ್ಕೋ ಬಲಕ್ಕೋ ಎಲ್ಲ ಅದರಲ್ಲಿ ಮುತ್ತು ಪೋಣಿಸಿದ ಅಕ್ಷರದಲ್ಲಿ ಇರುತ್ತಿತ್ತು. ಇಲ್ಲದ್ದು ಒಂದೇ, ಗಿರಾಕಿಯ ಹೆಸರು. ಹೆಸರಿನ ಜಾಗದಲ್ಲಿ ಯಜಮಾನರು ತಾವೇ ಇಟ್ಟದ್ದನ್ನು ಬರೆಯುತ್ತಿದ್ದರು. ಮೂರನೇ ಮೆಟ್ಟಿಲು, ಬೆಳ್ಳಿ ಚಮಚ, ಅಳಿಲು, ಬಿಳಿ ಕೊಡೆ. ಯಾವುದು ಯಾರು ಎಂಬ ಪಟ್ಟಿ ಅವರ ತಲೆಯೊಳಗೆ ಮಾತ್ರ ಇತ್ತು. ರಿಜಿಸ್ಟರನ್ನು ನಡುಬೀದಿಯಲ್ಲಿ ಬಿಚ್ಚಿಟ್ಟು ಹೋದರೂ ಯಾರ ಮಾನವೂ ಹೋಗುತ್ತಿರಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು, ಎರಡು ವರ್ಷದ ಹಿಂದೆ ಯಜಮಾನರು ಅಳಿಲಿನ ಕೂದಲನ್ನು ಮೂರನೇ ಮೆಟ್ಟಿಲಿನ ತಲೆಗೆ ಕಟ್ಟುವವರೆಗೆ. ಕಪ್ಪು ಆಗಬೇಕಾದ ಕಡೆ ಕಂದು. ಆರು ವಾರದ ಕೆಲಸ ಮಣ್ಣುಪಾಲು. ಅವರು ಬಲ್ಬಿನ ಬೆಳಕು ಸರಿಯಿಲ್ಲವೆಂದು ಬೈದರು, ಕನ್ನಡಕದ ಅಂಗಡಿಯವನನ್ನು ಬೈದರು, ಕೊನೆಗೆ ಅಳಿಲನ್ನೂ ಬೈದರು. ಕೋಣೆಯ ಆ ಮೂಲೆಯಲ್ಲಿ ಕೂತು ಗಂಟು ಹಾಕುತ್ತಿದ್ದ ಸೊಸೆ ಮಾತ್ರ ಕೊಕ್ಕೆ ಸೂಜಿ ಕೆಳಗಿಟ್ಟು ಅವರ ಮುಖ ನೋಡಿದಳು. ಪಟ್ಟಿ ಇರುವ ತಲೆ ಸೋರಲು ಶುರುವಾಗಿದೆ ಎಂದು ಅವಳಿಗೆ ತಿಳಿಯಿತು. ಅವಳಿಗೆ ತಿಳಿದದ್ದು ಅವರಿಗೂ ತಿಳಿಯಿತು, ಆದರೆ ಅದನ್ನು ಒಪ್ಪಿಕೊಳ್ಳುವ ಜಾತಿಯವರಲ್ಲ ಅವರು.

ಮುಂದಿನ ತಿಂಗಳು ಅಂಗಡಿಗೆ ಕಂಪ್ಯೂಟರ್ ಬಂತು. ಯಜಮಾನರು ಮುಖ ಊದಿಸಿಕೊಂಡರು.

"ಫೋಟೋ ಎಲ್ಲಾ ಇದರೊಳಗೆ ಹಾಕ್ತೀಯಾ?"

"ಹೌದು ಮಾವ. ನಾಲ್ಕೂ ಕಡೆಯಿಂದ ತೆಗೆದಿಟ್ರೆ ಹಣೆಯಂಚು ತಪ್ಪೋದಿಲ್ಲ."

"ಹೆಸರೂ?"

"ಹೆಸರು, ಫೋನ್ ನಂಬರು, ಎಲ್ಲಾ."

"ಅಂದ್ರೆ ಬೋಳು ತಲೆ, ಮುಖ, ಹೆಸರು, ಮೂರೂ ಒಂದೇ ಪೆಟ್ಟಿಗೇಲಿ. ಇನ್ನು ಅದನ್ನ ತಗೊಂಡುಹೋಗಿ ಸಂತೇಲಿಟ್ರೆ ಆಯ್ತು, ಕೆಲಸ ಪೂರ್ತಿ ಆಗುತ್ತೆ."

ಸೊಸೆಗೆ ಬೇಸರವಾಗಲಿಲ್ಲ. ಮದುವೆಗೆ ಮುಂಚೆ ಅವಳು ಒಂದು ಆಫೀಸಿನ ದಾಖಲೆ ವಿಭಾಗದಲ್ಲಿ ಇದ್ದವಳು. ಅಲ್ಲಿಯ ಯಾರೋ ಪುಣ್ಯಾತ್ಮ ಲ್ಯಾಪ್‌ಟಾಪನ್ನು ಬಸ್ಸಿನಲ್ಲಿ ಮರೆತು ಬಂದ. ಪಾಸ್‌ವರ್ಡ್ ಇದೆಯಲ್ಲ ಎಂದು ಎಲ್ಲರೂ ನೆಮ್ಮದಿಯಾಗಿದ್ದರು. ಸಿಕ್ಕಿದವನು ಒಳಗಿನ ಡಿಸ್ಕನ್ನು ಬಿಚ್ಚಿ ಬೇರೆ ಮಿಷನ್ನಿಗೆ ಹಾಕಿ, ಜನರ ಕಾಯಿಲೆ ಕಸಾಲೆಯ ಕಾಗದವನ್ನೆಲ್ಲ ಓದಿಕೊಂಡ. ಆಮೇಲೆ ಮೂರು ವಾರ ಜನರ ಫೋನಿಗೆ ಉತ್ತರ ಕೊಡಲು ಕೂರಿಸಿದ್ದು ಇವಳನ್ನು. ಆ ಫೋನಿನಲ್ಲಿ ಅತ್ತವರ ದನಿ ಅವಳ ಕಿವಿಯಿಂದ ಇನ್ನೂ ಹೋಗಿಲ್ಲ.

"ಮಾವ, ಒಂದು ಹಿಡಿ ಕೂದಲನ್ನ ಬುಡ ಯಾವುದು ತುದಿ ಯಾವುದು ನೋಡದೆ ಕಲಸಿಬಿಟ್ರೆ ಏನಾಗುತ್ತೆ?"

"ಗಂಟಾಗುತ್ತೆ. ದೇವರು ಬಂದ್ರೂ ಬಿಡಿಸೋಕಾಗಲ್ಲ."

"ಈ ಪೆಟ್ಟಿಗೇಲಿ ಇರೋ ಒಂದೊಂದು ಅಕ್ಷರಾನೂ, ಒಂದೊಂದು ಫೋಟೋನೂ ಹಾಗೆ ಕಲಸಿಡ್ತೀನಿ. ಬಾಗಿಲಿಗೆ ಬೀಗ ಹಾಕೋದು ಬೇರೆ, ಒಳಗಿರೋದನ್ನೇ ಕಲಸಿಡೋದು ಬೇರೆ. ಬೀಗ ಒಡೀಬಹುದು. ಇದನ್ನ ಬಿಡಿಸೋಕೆ ಒಂದು ವಾಕ್ಯ ಬೇಕು. ವಾಕ್ಯ ಟೈಪ್ ಮಾಡಿದ್ರೆ ಪ್ರತಿ ಎಳೆಯೂ ತನ್ನ ಜಾಗಕ್ಕೆ ಬಂದು ಕೂರುತ್ತೆ. ಇಲ್ಲದಿದ್ರೆ ಪೆಟ್ಟಿಗೆ ಬಿಚ್ಚಿ ಡಿಸ್ಕ್ ಕಿತ್ತು ನೋಡಿದ್ರೂ ಬರೀ ಗಂಟು. ಎನ್‌ಕ್ರಿಪ್ಶನ್ ಅಂತಾರೆ ಇದಕ್ಕೆ."

ಯಜಮಾನರು ಕೈಯಲ್ಲಿದ್ದ ಕೂದಲಿನ ಹಿಡಿಯನ್ನು ನೋಡಿದರು. "ನಾನು ಇದನ್ನ ನಲವತ್ತು ವರ್ಷದಿಂದ ಮಾಡ್ತಾ ಇದೀನಿ," ಎಂದರು. "ಹೆಸರಿಟ್ಟಿರಲಿಲ್ಲ, ಅಷ್ಟೇ."

ಸೊಸೆ ಜಾಣೆ. ವಾಕ್ಯದ ಮಾತುಗಳನ್ನು ನೀವೇ ಆರಿಸಿಕೊಡಿ ಎಂದಳು. ಅವರು ತಮ್ಮ ಮೊದಲ ಆರು ಗಿರಾಕಿಗಳಿಗೆ ಇಟ್ಟ ಹೆಸರುಗಳನ್ನು ಹಿಂದುಮುಂದು ಮಾಡಿ ಹೇಳಿದರು. ಅದರಲ್ಲಿ ನಾಲ್ಕನೆಯದು ಕಿಟಕಿ. ರಿಜಿಸ್ಟರಿನ ಮೊದಲ ಪುಟದ ಮೊದಲ ಸಾಲಿನಲ್ಲಿದ್ದ ಗಿರಾಕಿ.

"ಈ ಕಿಟಕಿ ಯಾರು ಮಾವ? ಹಳಬರ ಹೆಸರನ್ನೂ ಹೇಳಿದ್ರೆ ಸೇರಿಸಿಬಿಡ್ತೀನಿ."

"ಹಳಬರ ಮಾತು ಬೇಡ. ಅದು ನನ್ನ ಹತ್ತಿರ ಭದ್ರವಾಗಿದೆ." ಅಲ್ಲಿಗೆ ಆ ಮಾತು ಮುಗಿಯಿತು. ಮೊದಲ ನೂರಿಪ್ಪತ್ತು ಜನ ಕಂಪ್ಯೂಟರಿನಲ್ಲೂ ಅಡ್ಡಹೆಸರಿನಲ್ಲೇ ಉಳಿದರು.

ಸೊಸೆಯ ಕಾಯಿದೆಗಳು ಬಿಗಿಯಾಗಿದ್ದವು. ವಾಕ್ಯವನ್ನು ಅಂಗಡಿಯಲ್ಲಿ, ಮನೆಯಲ್ಲಿ ಎಲ್ಲೂ ಬರೆದಿಡಕೂಡದು. ಬಾಗಿಲು ಹಾಕುವಾಗ ಕಂಪ್ಯೂಟರ್ ಪೂರ್ತಿ ಆಫ್ ಆಗಿರಬೇಕು, ಅರ್ಧಂಬರ್ಧ ನಿದ್ದೆ ಸಾಲದು. ಎಲ್ಲದರ ಒಂದು ನಕಲು, ಅದೂ ಕಲಸಿದ್ದೇ, ಅವಳ ಅಕ್ಕನ ಮನೆಯ ಬೀರುವಿನಲ್ಲಿ ಇರಬೇಕು. ಯಜಮಾನರು ಒಂದೊಂದಕ್ಕೂ ಮೂಗು ಮುರಿದರು. ಬೆಳಿಗ್ಗೆ ಅವಳು ಟೈಪ್ ಮಾಡುವಾಗ ಮಾತ್ರ ಬೆನ್ನು ತಿರುಗಿಸಿ ಕೂರುತ್ತಿದ್ದರು. ತಾವೇ ಹೇಳಿಕೊಟ್ಟ ವಾಕ್ಯ, ಆದರೂ ನೋಡಬಾರದು. ಕಸುಬಿನ ಮರ್ಯಾದೆ.

ಈಗ ಅವರು ಮಾಡಿದ ತಪ್ಪಿಗೆ ಬರೋಣ. ಹೇಳದೆ ವಿಧಿಯಿಲ್ಲ.

ಕಳೆದ ವರ್ಷ ಸೊಸೆಗೆ ಎರಡು ದಿನ ಜ್ವರ. ಅಂಗಡಿಯಲ್ಲಿ ಯಜಮಾನರು ಒಬ್ಬರೇ. ಗಿರಾಕಿಯೊಬ್ಬರು ಬಂದು ಕೂತರು, ಅಳತೆ ನೋಡಬೇಕಿತ್ತು. ಯಜಮಾನರು ಕಂಪ್ಯೂಟರಿನ ಮುಂದೆ ಕೂತು, ಎರಡು ಬೆರಳಲ್ಲಿ ಒಂದು ಹೆಸರು, ಎರಡು ಹೆಸರು, ಮೂರು ಹೆಸರು ಕುಟ್ಟಿದರು. ನಾಲ್ಕನೆಯದು ಬರಲಿಲ್ಲ. ಕಿಟಕಿ ಎಂಬ ಮಾತು ಅವರಿಗೆ ಬರಲಿಲ್ಲ. ಕೋಣೆಯಲ್ಲಿ ಎರಡು ಕಿಟಕಿಗಳು ಬಾಯಿ ತೆರೆದುಕೊಂಡು ಎದುರಿಗೇ ಇದ್ದವು. "ಕರೆಂಟಿನ ತೊಂದರೆ," ಎಂದು ಗಿರಾಕಿಯನ್ನು ಕಳಿಸಿಬಿಟ್ಟರು. ಫ್ಯಾನು ತಲೆಯ ಮೇಲೆ ಗಿರಗಿರ ತಿರುಗುತ್ತಿತ್ತು. ಗಿರಾಕಿ ಅದನ್ನೊಮ್ಮೆ ನೋಡಿ, ಪಾಪ, ಸುಮ್ಮನೆ ಹೋದರು.

ಆಮೇಲೆ ರಿಜಿಸ್ಟರ್ ತೆಗೆದು, ಮೊದಲ ಪುಟ ನೋಡಿ ವಾಕ್ಯವನ್ನು ಜೋಡಿಸಿಕೊಂಡರು. ಇನ್ನೊಮ್ಮೆ ಹೀಗಾಗಬಾರದು. ಮರೆಯಬಾರದ್ದನ್ನು ಮರದ ತಲೆಯ ಅಡಿಯಲ್ಲಿ ಬರೆದಿಡುವುದು ಈ ಕಸುಬಿನಲ್ಲಿ ಅವರ ಗುರುವಿನ ಕಾಲದ ಪದ್ಧತಿ. ವಿಗ್ ಕಟ್ಟುವುದು ಮರದ ತಲೆಯ ಮೇಲೆ. ಅಳತೆ, ತಾರೀಖು, ಬಲೆಯ ನಂಬರು ಎಲ್ಲವನ್ನೂ ಅದರ ಕತ್ತಿನಡಿ ಪೆನ್ಸಿಲ್ಲಿನಲ್ಲಿ ಗೀಚುತ್ತಾರೆ. ಯಜಮಾನರ ಕೈ ತಾನಾಗಿ ಪೆನ್ಸಿಲ್ ಹುಡುಕಿತು. ಕಂಪ್ಯೂಟರಿನ ಪಕ್ಕದಲ್ಲೇ ನಿಂತಿದ್ದ ಮರದ ತಲೆಯನ್ನು ಮಗುಚಿ, ಕತ್ತಿನಡಿ ಆರು ಹೆಸರನ್ನೂ ಸಾಲಾಗಿ ಬರೆದರು. ಮತ್ತೆ ನೆಟ್ಟಗೆ ನಿಲ್ಲಿಸಿದರು. ಯಾರಿಗೂ ಕಾಣುವಂತಿರಲಿಲ್ಲ. ನೆಮ್ಮದಿಯಾಗಿ ಉಸಿರುಬಿಟ್ಟರು.

ಕಳ್ಳ ಬಂದದ್ದು ಈ ವರ್ಷ, ಅಂಗಡಿಗೆ ರಜೆಯಿದ್ದ ಒಂದು ಭಾನುವಾರ.

ಸೋಮವಾರ ಬೆಳಿಗ್ಗೆ ಇಬ್ಬರೂ ಬಾಗಿಲು ತೆಗೆದರೆ ಹಿಂದಿನ ಕಿಟಕಿಯ ಸರಳು ಬಾಗಿತ್ತು. ಮೇಜಿನ ಮೇಲೆ ಕಂಪ್ಯೂಟರ್ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ. ಅದರ ಪಕ್ಕದಲ್ಲಿ ಧೂಳಿಲ್ಲದ ಒಂದು ಸಣ್ಣ ವೃತ್ತ.

ಚೌಕವನ್ನು ಸೊಸೆ ನೋಡಿದಳು. ವೃತ್ತವನ್ನು ಯಜಮಾನರು ನೋಡಿದರು.

ಆ ಮರದ ತಲೆಯ ಮೇಲೆ ಹೊಸದಾಗಿ ಮುಗಿಸಿದ ವಿಗ್ ಇತ್ತು. ಕಳ್ಳನಿಗೆ ಅದು ಬೆಲೆಬಾಳುವ ವಸ್ತುವಾಗಿ ಕಂಡಿರಬೇಕು, ತಲೆಸಮೇತ ಎತ್ತಿಕೊಂಡು ಹೋಗಿದ್ದ. ಕಂಪ್ಯೂಟರ್ ಹೋಗಿತ್ತು, ಅದರ ಜೊತೆಯಲ್ಲೇ ಅದನ್ನು ಬಿಡಿಸುವ ವಾಕ್ಯವೂ ಹೋಗಿತ್ತು. ಯಜಮಾನರು ಹತ್ತಿರದಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಮಾವ, ಹೆದರಬೇಡಿ. ಪೆಟ್ಟಿಗೆ ತಾನೇ? ಇನ್ನೊಂದು ತಂದ್ರಾಯ್ತು." ಸೊಸೆ ಅವರಿಗೆ ನೀರು ಕೊಟ್ಟು, ಪೊಲೀಸರಿಗೆ ಫೋನ್ ಮಾಡಿದಳು.

ಹೇಳಬೇಕು, ಈಗಲೇ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಬಂದವರು ಬಿಳಿ ಕೊಡೆ. ಅಂದರೆ ಒಂದು ದೊಡ್ಡ ಶಾಲೆಯ ಹೆಡ್‌ಮಿಸ್. ಎಂಟುನೂರು ಮಕ್ಕಳನ್ನು ಒಂದು ಹುಬ್ಬಿನಲ್ಲಿ ನಿಲ್ಲಿಸುವವರು, ಇಪ್ಪತ್ತಾರು ವರ್ಷದಿಂದ ಈ ಅಂಗಡಿಯ ಗಿರಾಕಿ. ಕಳುವಾದ ವಿಗ್ ಅವರದೇ, ಒಯ್ಯಲು ಬಂದಿದ್ದರು. ಕಳ್ಳತನದ ಸುದ್ದಿಯನ್ನು ಕೆಳಗೇ ಗಡಿಯಾರದವನು ಹೇಳಿಯಾಗಿತ್ತು. ಅವನ ಬಾಯಿಗೆ ಯಾವ ಕೀಲಿಯೂ ಇಲ್ಲ.

ಹೆಡ್‌ಮಿಸ್ ಕೂರಲಿಲ್ಲ. "ನನ್ನ ಫೋಟೋಗಳು ಅದರಲ್ಲಿದ್ವಲ್ಲ?"

"ಇದ್ವು ಮೇಡಂ," ಎಂದಳು ಸೊಸೆ. "ಪೆಟ್ಟಿಗೆ ಹೋಗಿದೆ, ನೀವು ಹೋಗಿಲ್ಲ." ಮೇಜಿನ ಮೇಲಿನ ಕೂದಲಿನ ಹಿಡಿಯನ್ನು ಕೈಗೆತ್ತಿಕೊಂಡು, ಮಾವನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದಳು. ಬುಡ, ತುದಿ, ಗಂಟು, ವಾಕ್ಯ. ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ಹೆಡ್‌ಮಿಸ್ಸಿನ ಹೆಗಲು ನಿಧಾನವಾಗಿ ಇಳಿಯಿತು.

"ಆ ವಾಕ್ಯ ಯಾರಿಗೆ ಗೊತ್ತು?"

"ಈ ಅಂಗಡಿಯವರಿಗೆ ಮಾತ್ರ. ಇಲ್ಲಿ ಎಲ್ಲೂ ಬರೆದಿಟ್ಟಿಲ್ಲ."

ಯಜಮಾನರ ಕೈಯಿಂದ ಬಾಚಣಿಗೆ ಕೆಳಗೆ ಬಿತ್ತು.

"ನನ್ನ ಶಾಲೇಲಿ ಒಬ್ಬ ಹುಡುಗಿ ಇದಾಳೆ," ಎಂದರು ಹೆಡ್‌ಮಿಸ್, ಬಿದ್ದ ಬಾಚಣಿಗೆಯನ್ನು ನೋಡುತ್ತ. "ಒಂಬತ್ತು ವರ್ಷ. ತಲೇಲಿ ಒಂದೆಳೆ ಇಲ್ಲ. ಅವಳನ್ನ ಇಲ್ಲಿಗೆ ಕಳಿಸ್ಬೇಕು ಅಂತ ಇದ್ದೆ. ಅವರಮ್ಮ ಕೇಳೋದು ಒಂದೇ ಮಾತು, ಯಾರಿಗಾದ್ರೂ ಗೊತ್ತಾಗುತ್ತಾ ಅಂತ." ಅವರು ಯಜಮಾನರ ಕಡೆ ತಿರುಗಿದರು. "ಗೊತ್ತಾಗಲ್ಲ ಅಂತ ಹೇಳ್ಲಾ?"

ಇಪ್ಪತ್ತಾರು ವರ್ಷದಲ್ಲಿ ಅವರು ಯಜಮಾನರನ್ನು ಕೇಳಿದ ಮೊದಲ ಪ್ರಶ್ನೆ ಅದು. ಯಜಮಾನರು ಬಾಚಣಿಗೆ ಎತ್ತಿಕೊಳ್ಳುವ ನೆವದಲ್ಲಿ ತಲೆ ತಗ್ಗಿಸಿದರು. ಉತ್ತರ ಕೊಟ್ಟವಳು ಸೊಸೆ. "ಹೇಳಿ ಮೇಡಂ."

ಹೆಡ್‌ಮಿಸ್ ಇಳಿದು ಹೋದ ಮೇಲೆ ಯಜಮಾನರು ಎದ್ದು ಬಾಗಿಲು ಹಾಕಿ ಬಂದರು. ನಿಂತುಕೊಂಡೇ ಹೇಳಿದರು. ಜ್ವರ ಬಂದ ದಿನದಿಂದ ಶುರುಮಾಡಿ, ಕಿಟಕಿ ನೆನಪಾಗದ್ದು, ಕರೆಂಟಿನ ಸುಳ್ಳು, ಪೆನ್ಸಿಲ್ಲು, ಮರದ ತಲೆ, ಯಾವುದನ್ನೂ ಬಿಡಲಿಲ್ಲ. "ನಲವತ್ತೊಂದು ವರ್ಷ ಕಾಪಾಡಿದ್ದನ್ನ ನಾನೇ ಬರೆದು ಕಳ್ಳನ ಕೈಗೆ ಕೊಟ್ಟೆ ಕಣಮ್ಮ. ಮುನ್ನೂರ ಹನ್ನೆರಡು ಜನ. ಅವರ ಮುಖ ಹೇಗೆ ನೋಡ್ಲಿ?"

ಸೊಸೆ ತಲೆಯೆತ್ತಲಿಲ್ಲ. ಮೇಜಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು, ಚೌಕವೂ ವೃತ್ತವೂ ಕಾಣದಂತೆ.

"ಆ ವಾಕ್ಯ ಈಗ ಕೆಲಸ ಮಾಡಲ್ಲ ಮಾವ. ಬದಲಾಯಿಸಿ ಒಂದು ವರ್ಷ ಆಯ್ತು."

"ಬದಲಾಯಿಸಿದ್ಯಾ? ಯಾಕೆ?" ಎಂದರು ಯಜಮಾನರು.

"ಪ್ರತಿ ಶನಿವಾರ ಮರದ ತಲೆಗಳನ್ನೆಲ್ಲ ಬ್ರಷ್ ಹಾಕಿ ಒರೆಸ್ತೀನಲ್ಲ. ಜ್ವರ ಬಿಟ್ಟ ಮೇಲಿನ ಶನಿವಾರ ನೋಡಿದೆ. ಅವತ್ತೇ ಹೊಸ ವಾಕ್ಯ ಹಾಕಿ ಎಲ್ಲಾನೂ ಹೊಸದಾಗಿ ಕಲಸಿಟ್ಟೆ. ಅಕ್ಕನ ಮನೇಲಿರೋ ನಕಲನ್ನೂ ಬಿಡ್ಲಿಲ್ಲ."

ಯಜಮಾನರಿಗೆ ಆ ಶನಿವಾರ ನೆನಪಾಯಿತು. ಅಕ್ಕನಿಗೆ ಹುಷಾರಿಲ್ಲ ಎಂದು ಮಧ್ಯಾಹ್ನವೇ ಓಡಿದ್ದಳು. ಮಾರನೆಯ ದಿನ ಆ ಅಕ್ಕ ಗುಂಡುಕಲ್ಲಿನಂತೆ ಮನೆಗೆ ಊಟಕ್ಕೆ ಬಂದಿದ್ದಳು. ಆಗಲೂ ಅವರಿಗೆ ಹೊಳೆದಿರಲಿಲ್ಲ.

"ಮತ್ತೆ ನಾನು ಬರೆದದ್ದನ್ನ ಅಳಿಸಬಹುದಿತ್ತಲ್ಲ?"

"ಅಳಿಸಿದ್ರೆ ನೀವು ಇನ್ನೆಲ್ಲಾದ್ರೂ ಬರೀತಿದ್ರಿ."

"ಹ್ಞೂಂ. ಅದು ನಿಜ."

"ಮತ್ತೆ..." ಸೊಸೆ ಒರೆಸುವುದನ್ನು ನಿಲ್ಲಿಸಿದಳು. "ನಾನು ನೋಡಿದ್ದು ನಿಮಗೆ ಗೊತ್ತಾಗ್ತಿತ್ತು."

ಯಜಮಾನರು ಸ್ಟೂಲಿನ ಮೇಲೆ ಕೂತರು. ಒಂದು ಕ್ಷಣ ಅವರಿಗೆ ಮೈಯೆಲ್ಲ ಉರಿದುಹೋಯಿತು, ಅದನ್ನು ಮುಚ್ಚಿಡುವುದೇಕೆ? ತಮ್ಮ ಅಂಗಡಿ, ತಮ್ಮ ವಾಕ್ಯ, ಒಂದು ವರ್ಷದಿಂದ ತಾವೇ ಹೊರಗಿನವರು. ದಿನಾ ಬೆಳಿಗ್ಗೆ ದೊಡ್ಡ ಮನುಷ್ಯರ ಹಾಗೆ ಬೆನ್ನು ತಿರುಗಿಸಿ ಕೂತದ್ದು ನೆನಪಾಗಿ ನಾಚಿಕೆಯೂ ಆಯಿತು. ಆದರೆ ಆ ಉರಿ ಬಹಳ ಹೊತ್ತು ಉಳಿಯಲಿಲ್ಲ. ಅದರ ಹಿಂದೆಯೇ ಇನ್ನೊಂದು ಬಂತು. ಒಂದು ವರ್ಷ. ಈ ಹೆಣ್ಣುಮಗಳು ಮಾವನ ಮರೆವನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಗಂಡನಿಗೂ ಹೇಳದೆ, ಮಾವನಿಗೇ ಗೊತ್ತಾಗದಂತೆ ಕಾಪಾಡಿದ್ದಾಳೆ. ತಾವು ಗಿರಾಕಿಗಳಿಗೆ ಮಾಡಿದ್ದನ್ನು ಅವಳು ತಮಗೆ ಮಾಡಿದ್ದಾಳೆ. ಅದೂ ಇನ್ನೂ ಅಚ್ಚುಕಟ್ಟಾಗಿ. ಈ ಕಸುಬಿನಲ್ಲಿ ತಮ್ಮನ್ನು ಮೀರಿಸುವವರು ಯಾರೂ ಇಲ್ಲ ಎಂದು ನಲವತ್ತೊಂದು ವರ್ಷ ನಂಬಿದ್ದ ಮನುಷ್ಯ, ಮೀರಿಸಿದವಳು ಎದುರಿಗೆ ನಿಂತಾಗ, ಹೆಮ್ಮೆಯಿಂದ ಕಣ್ಣು ತುಂಬಿಕೊಂಡರು.

"ಕೂದಲು ತೆಗಿ," ಎಂದರು. "ಹೆಡ್‌ಮಿಸ್ಸಿಂದು ಮತ್ತೆ ಶುರು ಮಾಡೋಣ."

ಮೂರು ವಾರ ಕಳೆದ ಮೇಲೆ ಪೊಲೀಸಿನವನೊಬ್ಬ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಅವನ ಕಂಕುಳಲ್ಲಿ ಕಂಪ್ಯೂಟರ್, ಕೈಯಲ್ಲಿ ಚೀಲ. ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿತಂತೆ. ಚೀಲದಿಂದ ಮರದ ತಲೆ ಹೊರಬಂತು, ಅದರ ಮೇಲಿನ ವಿಗ್ ಕಾಗೆ ಗೂಡಿನಂತಾಗಿತ್ತು.

"ಅಲ್ಲ ಯಜಮಾನ್ರೇ, ಏನಿಟ್ಟಿದೀರಿ ಇದರಲ್ಲಿ?" ಎಂದು ಅವನು ಬೆವರು ಒರೆಸಿಕೊಂಡ. "ಆ ಅಂಗಡಿಯವನು ಈ ಮರದ ತಲೇನ ಮಗುಚಿಟ್ಕೊಂಡು, ಅದರಡಿ ಬರೆದಿರೋದನ್ನ ಹಿಂದಿಂದ ಮುಂದಕ್ಕೆ, ಮುಂದಿಂದ ಹಿಂದಕ್ಕೆ, ಅಂಟಿಸಿ, ಬಿಡಿಸಿ ಎಲ್ಲಾ ನೋಡಿದಾನೆ. ನಾಲ್ಕು ದಿನ ತಲೆ ಕೆಡಿಸ್ಕೊಂಡಿದಾನೆ. ಡಿಸ್ಕ್ ಬಿಚ್ಚಿ ಬೇರೆದಕ್ಕೂ ಹಾಕಿದ್ನಂತೆ. ಬರೀ ಕಸ ಕಾಣುತ್ತೆ ಸಾರ್ ಅಂತ ನಮ್ಮ ಹತ್ತಿರಾನೇ ಗೋಳಾಡ್ದ."

ಯಜಮಾನರು ಮರದ ತಲೆಯನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಆರು ಹೆಸರೂ ಹಾಗೇ ಇದ್ದವು. ಯಾರದೋ ಎಣ್ಣೆ ಬೆರಳಿನ ಗುರುತು ಮೂರನೆಯದರ ಮೇಲೆ ಬಿದ್ದಿತ್ತು.

"ಕಸ ಅಲ್ಲಪ್ಪ, ಗಂಟು," ಎಂದರು ಅವರು. "ನಮ್ಮ ಸೊಸೆ ಹಾಕಿದ್ದು. ಅವಳು ಹಾಕಿದ ಗಂಟನ್ನ ಬಿಚ್ಚೋಕೆ ಅವನಜ್ಜ ಬಂದ್ರೂ ಆಗಲ್ಲ." ಇದನ್ನು ಅವರು ಅವತ್ತು ಗಡಿಯಾರದವನಿಗೂ ಹೇಳಿದರು, ಪಕ್ಕದ ಜೆರಾಕ್ಸ್ ಅಂಗಡಿಯವಳಿಗೂ ಹೇಳಿದರು. ಏನನ್ನು ಕಾಪಾಡಿದಳು ಎಂದು ಮಾತ್ರ ಹೇಳಲಿಲ್ಲ. ಬೇರೆಯವರ ಕೈ ಬಿದ್ದ ವಿಗ್ಗನ್ನು ಅದೇ ದಿನ ಎಳೆ ಎಳೆಯಾಗಿ ಬಿಚ್ಚಿಹಾಕಿದರು.

ಪೊಲೀಸಿನವನು ಇಳಿದು ಹೋದ ಮೇಲೆ ಸೊಸೆ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು. "ಮಾವ, ಹೊಸ ವಾಕ್ಯ ನಿಮಗೂ ಗೊತ್ತಿರ್ಲಿ. ಹೇಳ್ತೀನಿ."

"ಬೇಡ."

"ನನಗೇನಾದ್ರೂ ಆದ್ರೆ?"

"ಬೇರೆಲ್ಲೂ ಇಟ್ಟಿಲ್ವಾ?"

"ಬ್ಯಾಂಕ್ ಲಾಕರಲ್ಲಿ, ಮುಚ್ಚಿದ ಲಕೋಟೇಲಿ ಇದೆ."

"ಹಾಗಾದ್ರೆ ಸಾಕು. ನನ್ನ ತಲೆ ಈಗ ಮೊದಲಿನ ಹಾಗಿಲ್ಲ ಕಣಮ್ಮ. ಬೇರೆಯವರ ಗುಟ್ಟನ್ನ ಸೋರೋ ಪಾತ್ರೇಲಿ ಇಡಬಾರದು. ನನಗೆ ಹೇಳಬೇಡ." ನಲವತ್ತೊಂದು ವರ್ಷದಲ್ಲಿ ಅವರು ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅಂದುಕೊಂಡಷ್ಟು ಕಷ್ಟ ಅನ್ನಿಸಲಿಲ್ಲ. "ಕಂಪ್ಯೂಟರ್ ತೆಗಿ. ಹಳಬರ ಹೆಸರು ಹೇಳ್ತೀನಿ, ನೆನಪಿರೋವಾಗ್ಲೇ ಬರ್ಕೋ. ನೂರಿಪ್ಪತ್ತು ಜನ ಇದಾರೆ."

ಅವಳು ವಾಕ್ಯ ಟೈಪ್ ಮಾಡಿದಳು. ಯಜಮಾನರು ಬೆನ್ನು ತಿರುಗಿಸಿ ಕೂತರು. ಈ ಸಲ ಅದಕ್ಕೆ ಅರ್ಥವಿತ್ತು. ಪರದೆಯ ಮೇಲೆ ಒಂದೊಂದು ಎಳೆಯೂ ತನ್ನ ಜಾಗಕ್ಕೆ ಬಂದು ಕೂತಿತು.

"ಒಂದನೇ ನಂಬರು ಮಾವ. ಕಿಟಕಿ."

ಯಜಮಾನರು ಮರದ ತಲೆಯ ನೆತ್ತಿಯನ್ನು ಒಮ್ಮೆ ಸವರಿದರು.

"ನಿನ್ನ ಅತ್ತೆ," ಎಂದರು.

ಸೊಸೆಯ ಬೆರಳು ನಿಂತಿತು. ಆ ಅತ್ತೆಯನ್ನು ಅವಳು ನೋಡಿದವಳಲ್ಲ. ಮನೆಯ ನಡುಕೋಣೆಯಲ್ಲಿ ದೊಡ್ಡ ಫೋಟೋ ಇದೆ. ಹೆಗಲ ಮೇಲಿಂದ ಮುಂದಕ್ಕೆ ಬಂದು ಸೊಂಟ ಮುಟ್ಟುವ ಒಂದೇ ಜಡೆ. ಆ ಜಡೆಯ ಮಾತಿಲ್ಲದೆ ನೆಂಟರ ಯಾವ ಭೇಟಿಯೂ ಮುಗಿದದ್ದಿಲ್ಲ.

"ಮದುವೆಯಾದ ಎರಡನೇ ವರ್ಷ ಜ್ವರ ಬಂತು. ಜ್ವರ ಹೋಯ್ತು, ಕೂದಲೂ ಹೋಯ್ತು. ಕಿಟಕಿ ಹಾಕ್ಕೊಂಡು ಕತ್ತಲಲ್ಲಿ ಕೂರ್ತಿದ್ಲು. ನಾನಾಗ ನಾಟಕದವರಿಗೆ ಟೋಪನ್ ಮಾಡಿಕೊಂಡಿದ್ದೆ. ಅವಳಿಗೋಸ್ಕರ ಒಂದೊಂದೇ ಎಳೆ ಗಂಟು ಹಾಕೋದನ್ನ ಕಲಿತೆ. ಹನ್ನೊಂದು ತಿಂಗಳು ಹಿಡೀತು. ತಲೆಗಿಟ್ಟ ದಿನ ಎದ್ದು ಹೋಗಿ ತಾನೇ ಕಿಟಕಿ ತೆಗೆದ್ಲು." ಅವರು ಮೂಗು ಒರೆಸಿಕೊಂಡರು. "ನಿನ್ನ ಗಂಡ ಹುಟ್ಟಿದ್ದು ಆಮೇಲೆ. ಅವನಿಗೂ ಗೊತ್ತಿಲ್ಲ. ಹೇಳಬೇಡ ಅಂದಿದ್ಲು."

ಸೊಸೆ ಹೆಸರನ್ನು ಟೈಪ್ ಮಾಡಿದಳು, ಕಣ್ಣೊರೆಸಿಕೊಂಡಳು. "ಎರಡನೇ ನಂಬರು ಮಾವ," ಎಂದಳು.

ಅವತ್ತು ಹೊತ್ತು ಮುಳುಗುವುದರೊಳಗೆ ಹದಿನೇಳು ಹೆಸರು ಮುಗಿದವು. ಮನೆಗೆ ಬಂದರೆ ಬಸ್ ಓಡಿಸುವ ಮಗ ಆಗಲೇ ಡ್ಯೂಟಿ ಮುಗಿಸಿ ಬಂದು, ನಡುಕೋಣೆಯಲ್ಲಿ ತನ್ನ ಮಗಳ ತಲೆ ಬಾಚುತ್ತ ಕೂತಿದ್ದ. ಮಗುವಿನ ಕೂದಲು ದಟ್ಟವಾಗಿ, ಬಾಚಣಿಗೆಗೆ ಜಗ್ಗದೆ, ಅವನ ಕೈಯಲ್ಲಿ ಹಿಡಿಸುತ್ತಿರಲಿಲ್ಲ. ಮಗು ಕಿರಿಕಿರಿ ಮಾಡುತ್ತಿತ್ತು.

"ನೋಡೇ," ಎಂದ ಅವನು ಹೆಂಡತಿಗೆ, ಗೋಡೆಯ ಫೋಟೋ ಕಡೆ ಗಲ್ಲ ತೋರಿಸಿ. "ಥೇಟ್ ನಮ್ಮಮ್ಮನ ಕೂದಲೇ ಬಂದಿದೆ ಇವಳಿಗೆ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಯಜಮಾನರು ಹಾಗೇ ನಿಂತರು. ಸೊಸೆ ಚೀಲವನ್ನು ಗೂಟಕ್ಕೆ ಹಾಕಿದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಮತ್ತೆ?" ಎಂದಳು. "ಅಜ್ಜಿದಲ್ದೆ ಇನ್ಯಾರದು ಬರುತ್ತೆ?" ಗಂಡನ ಕೈಯಿಂದ ಬಾಚಣಿಗೆ ತೆಗೆದುಕೊಂಡು, ಫೋಟೋದಲ್ಲಿದ್ದ ಹಾಗೆಯೇ, ಒಂದೇ ಜಡೆ ಹಾಕಲು ಕೂತಳು.

ಯಜಮಾನರು ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಅವತ್ತು ಊಟಕ್ಕೆ ಕೂತಾಗ ಎರಡು ಸಲ ಬಡಿಸಿಕೊಂಡು ಉಂಡರು.